‘ಸ್ಕಿನ್ಸ್’ ಅಮೆರಿಕಕ್ಕೆ ಹೋಗಿ ಹತ್ತೇ ಕಂತಿಗೆ ಮುಗಿದದ್ದು ಯಾಕೆ

‘ಸ್ಕಿನ್ಸ್’ ಅನ್ನೋ ಹೆಸರಿನ ಸೀರಿಯಲ್ ಎರಡಿವೆ. ಒಂದು ಬ್ರಿಟನ್ನಿನದು, 2007ರಲ್ಲಿ ಶುರುವಾಗಿ 2013ರವರೆಗೆ 7 ಸೀಸನ್ ಓಡಿತು. ಇನ್ನೊಂದು ಅದರದೇ ರಿಮೇಕ್, ಅಮೆರಿಕದ ಎಂಟಿವಿಯದು, 2011ರಲ್ಲಿ 10 ಕಂತು ಬಂದು ನಿಂತುಹೋಯಿತು. ಮೊದಲನೆಯದನ್ನು ಮೆಚ್ಚಿದವರ ಮುಂದೆ ಎರಡನೆಯದರ ಹೆಸರೆತ್ತಿ ನೋಡಿ, ಇವತ್ತಿಗೂ ಮುಖ ಸಿಂಡರಿಸುತ್ತಾರೆ. ನಾನೂ ಮೊದಲನೆಯದರ ಅಭಿಮಾನಿಯೇ, ಹಾಗಾಗಿ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದರ ಹಿಂದಿನ ಕತೆ ಹುಡುಕುತ್ತಾ ಹೋದಾಗ ಅಲ್ಲಿದ್ದದ್ದು ಒಂದು ಜಗಳವಲ್ಲ, ಎರಡು ಅಂತ ಗೊತ್ತಾಯಿತು. ಇದು ಮೂಲದ ಹಾಗಿಲ್ಲ ಅಂತ ನೋಡುಗರು ಬೈದರು. ಮೂಲದಷ್ಟೇ ಕೆಟ್ಟದಾಗಿದೆ ಅಂತ ಪೋಷಕರ ಸಂಘಟನೆಯೊಂದು ಬೈಯಿತು. ಈ ಎರಡರ ಗದ್ದಲದಲ್ಲಿ ಮೂರನೇ ಮಾತೊಂದು ಯಾರಿಗೂ ಕೇಳಿಸಲೇ ಇಲ್ಲ. ಅದು ಕೇಳಿಸಲು ಇನ್ನೂ ಹತ್ತು ವರ್ಷ ಬೇಕಾಯಿತು.

ಮೊದಲು ಬ್ರಿಟನ್ನಿನ ಕತೆ ಹೇಳಿಬಿಡ್ತೀನಿ. ಈ ಸೀರಿಯಲ್ ಹುಟ್ಟಿದ್ದು ಅಪ್ಪ ಮಗನ ಮಾತಿನಲ್ಲಿ. ಅಪ್ಪ ಬ್ರಯಾನ್ ಎಲ್ಸ್ಲಿ ಟೀವಿ ಬರಹಗಾರರು, ಮಗ ಜೇಮಿ ಬ್ರಿಟ್ಟನ್ ಆಗಷ್ಟೇ ಹದಿಹರೆಯ ದಾಟುತ್ತಿದ್ದ ಹುಡುಗ. ನಿಮ್ಮ ಐಡಿಯಾಗಳೆಲ್ಲ ಹಳೇದಾಗಿವೆ, ನಮ್ಮ ವಯಸ್ಸಿನವರ ಬಗ್ಗೆ ಬರೆಯಿರಿ ಅಂತ ಮಗ ಹೇಳಿದ. ಅಪ್ಪ ಅದನ್ನು ಗಂಭೀರವಾಗಿ ತಗೊಂಡರು. ಬರೀ ಹುಡುಗರ ಬಗ್ಗೆ ಬರೆದರೆ ಸಾಲದು, ಹುಡುಗರೇ ಬರೆಯಬೇಕು ಅಂತ ಇಪ್ಪತ್ತರ ಆಸುಪಾಸಿನವರನ್ನು ಕೂರಿಸಿ ಬರೆಸಿದರು. ಮುಂದೆ ಆಸ್ಕರ್ ಗೆದ್ದ ಡೇನಿಯಲ್ ಕಲೂಯಾ ಆ ಗುಂಪಿನಲ್ಲಿದ್ದ ಒಬ್ಬ ಹುಡುಗ. ಸಣ್ಣ ಪಾತ್ರ ಮಾಡುತ್ತಾ ಕಂತುಗಳನ್ನೂ ಬರೆದ.

ಕತೆ ನಡೆಯುವುದು ಬ್ರಿಸ್ಟಲ್ ಊರಿನಲ್ಲಿ. ಎಲ್ಲರೂ 16ರಿಂದ 18 ವರ್ಷದವರು, ನಮ್ಮ ಲೆಕ್ಕದಲ್ಲಿ ಪಿಯುಸಿ ಓದುವ ವಯಸ್ಸು. ಒಂದೊಂದು ಕಂತು ಒಬ್ಬೊಬ್ಬರದು. ಎರಡು ಸೀಸನ್ ಮುಗಿದ ಮೇಲೆ ಹೆಚ್ಚುಕಡಿಮೆ ಇಡೀ ಗುಂಪೇ ಕಾಲೇಜು ಮುಗಿಸಿ ಹೋಗುತ್ತದೆ, ಹೊಸ ಬ್ಯಾಚ್ ಬರುತ್ತದೆ. ಜನಪ್ರಿಯ ನಟರನ್ನು ಹೀಗೆ ಸಲೀಸಾಗಿ ಬಿಟ್ಟುಕೊಡುವ ಧೈರ್ಯ ಎಷ್ಟು ಸೀರಿಯಲ್‌ಗಳಿಗಿದೆ ಹೇಳಿ! ಮೊದಲ ಬ್ಯಾಚಿನಲ್ಲಿ ಟೋನಿ ಆಗಿದ್ದವರು ನಿಕೋಲಸ್ ಹೋಲ್ಟ್. ಅನ್ವರ್ ಆಗಿದ್ದವರು ದೇವ್ ಪಟೇಲ್. ಅವರ ತಾಯಿ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಆಡಿಷನ್‌ಗೆ ಕರೆದುಕೊಂಡು ಹೋಗಿದ್ದರು. ಸೀರಿಯಲ್ಲನ್ನು ಟೀವಿಯಲ್ಲಿ ನೋಡಿದ ಮಗಳು ತನ್ನ ಅಪ್ಪ, ನಿರ್ದೇಶಕ ಡ್ಯಾನಿ ಬಾಯ್ಲ್ ಅವರಿಗೆ ದೇವ್ ಬಗ್ಗೆ ಹೇಳಿದಳು, ಅಲ್ಲಿಂದ ದೇವ್ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಬಂದರು. ನಮ್ಮಲ್ಲಿ ಎಷ್ಟೋ ಜನ ಈ ಸೀರಿಯಲ್ಲನ್ನು ಹಿಂದಕ್ಕೆ ಹೋಗಿ ನೋಡಿದ್ದು ಆ ಸಿನಿಮಾ ಆದಮೇಲೆಯೇ.

ಬ್ರಿಟನ್ನಿನಲ್ಲಿ ಎಲ್ಲರೂ ಹೊಗಳಿದರು ಅಂತಲ್ಲ. ಕುಡಿತ, ನಶೆ ಮಾತ್ರೆ, ಸೆಕ್ಸ್, ಪಾರ್ಟಿ ಎಲ್ಲ ಜಾಸ್ತಿಯಾಯ್ತು, ನಿಜವಾದ ಹುಡುಗರು ಹೀಗಿರೋದಿಲ್ಲ ಅನ್ನುವ ಆಕ್ಷೇಪ ಮೊದಲ ವಾರದಿಂದಲೂ ಇತ್ತು. 2007ರಲ್ಲೇ ಡರ್ಹಮ್ ಕಡೆ ಒಂದು ಮನೆಯ ಪಾರ್ಟಿಗೆ ಇಂಟರ್ನೆಟ್‌ನಲ್ಲಿ ಕರೆ ಹೋಗಿ ನೂರಾರು ಜನ ನುಗ್ಗಿದರು, ಮನೆಯೇ ಹಾಳಾಯಿತು. ಆ ಕರೆಯಲ್ಲಿ ಇದ್ದದ್ದು ಈ ಸೀರಿಯಲ್ಲಿನ ಜಾಹೀರಾತಿನ ಮಾತು. ಆಮೇಲೆ ‘ಸ್ಕಿನ್ಸ್ ಪಾರ್ಟಿ’ ಅನ್ನೋ ಮಾತು ಪತ್ರಿಕೆಗಳಲ್ಲಿ ಓಡಾಡತೊಡಗಿತು.

ಆದರೂ ಜನ ಅದನ್ನು ಹಚ್ಚಿಕೊಂಡದ್ದು ಪಾರ್ಟಿಗಾಗಿ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಮೊದಲ ಸೀಸನ್ನಿನ ಕೊನೆಯ ಕಂತು ನೋಡಿ. ಅವತ್ತು ಅನ್ವರ್‌ನ ಹುಟ್ಟುಹಬ್ಬ. ಅವನು ಮುಸ್ಲಿಂ ಹುಡುಗ, ಅವನ ಜೀವದ ಗೆಳೆಯ ಮ್ಯಾಕ್ಸಿ ಗೇ. ಇದು ಅನ್ವರ್‌ನ ಮನೆಯಲ್ಲಿ ಗೊತ್ತಿಲ್ಲ. ನಿನ್ನ ಅಪ್ಪನಿಗೆ ಹೇಳುವವರೆಗೂ ನಾನು ಒಳಗೆ ಬರಲ್ಲ ಅಂತ ಮ್ಯಾಕ್ಸಿ ಹೊರಗೇ ನಿಂತಿದ್ದಾನೆ. ಅಪ್ಪ ಹೊರಗೆ ಬರುತ್ತಾರೆ. ಒಳಗೆ ಬಾರಪ್ಪಾ, ಊಟ ಮಾಡು ಅಂತ ಕರೆಯುತ್ತಾರೆ. ಕೊನೆಗೆ ವಿಷಯ ಹೊರಬೀಳುತ್ತದೆ. ಅಪ್ಪ ರೇಗುವುದಿಲ್ಲ. ನನಗೆ ಅರ್ಥವಾಗದ ಸಂಗತಿಗಳು ಎಷ್ಟೋ ಇವೆ, ಅವನ್ನು ದೇವರಿಗೆ ಬಿಟ್ಟಿದ್ದೀನಿ ಅನ್ನುವ ಅರ್ಥದಲ್ಲಿ ಏನೋ ಹೇಳಿ ಹುಡುಗನನ್ನು ಒಳಗೆ ಕರೆದೊಯ್ಯುತ್ತಾರೆ. ಒಂದೆರಡು ನಿಮಿಷದ ಸೀನ್, ಅಷ್ಟೇ. ಮಗನ ಗೆಳೆಯ ಬಾಗಿಲಲ್ಲೇ ನಿಂತಿದ್ದಾನೆ, ಮೊದಲು ಅವನಿಗೆ ಊಟ ಹಾಕಬೇಕು ಅನ್ನೋ ಆ ಅಪ್ಪನನ್ನು ನಾವು ನಮ್ಮ ಬೀದಿಯಲ್ಲೂ ನೋಡಿದ್ದೇವೆ, ಅಲ್ವಾ?

ಅಮೆರಿಕದವರಿಗೆ ಈ ಸೀರಿಯಲ್ ರಿಮೇಕ್‌ಗೆ ಮೊದಲೇ ಗೊತ್ತಿತ್ತು. 2008ರಿಂದ ಬಿಬಿಸಿ ಅಮೆರಿಕ ಚಾನೆಲ್ ಅದನ್ನು ಅಲ್ಲಲ್ಲಿ ಕತ್ತರಿಸಿ ತೋರಿಸುತ್ತಿತ್ತು. ಕತ್ತರಿ ಹಾಕಿದ್ದು ಬೇಡ ಅನ್ನಿಸಿದವರು ಡಿವಿಡಿ ತಂದರು, ಇಂಟರ್ನೆಟ್‌ನಲ್ಲಿ ಹುಡುಕಿದರು. ಹಾಗಾಗಿ ಎಂಟಿವಿ ರಿಮೇಕ್ ಮಾಡ್ತೀನಿ ಅಂದಾಗ ಅಲ್ಲಿ ಒಂದು ಅಭಿಮಾನಿ ಬಳಗ ಆಗಲೇ ಇತ್ತು. ಇಂಗ್ಲಿಷ್‌ನಲ್ಲೇ ಇರುವುದನ್ನು ಮತ್ತೆ ಇಂಗ್ಲಿಷ್‌ಗೆ ಯಾಕೆ ಮಾಡಬೇಕು ಅನ್ನುವುದೇ ಅವರ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ರಿಮೇಕ್ ವಿಷಯದಲ್ಲಿ ಕನ್ನಡ ಪ್ರೇಕ್ಷಕರು ಬೇಕಾದಷ್ಟು ನೋಡಿದ್ದಾರೆ, ಮೂಲ ನೋಡಿದವನಿಗೆ ರಿಮೇಕ್ ರುಚಿಸುವುದು ಕಷ್ಟ ಅನ್ನೋದು ನಮಗೆ ಗೊತ್ತು. ಆದರೆ ನಮ್ಮಲ್ಲಿ ಭಾಷೆಯಾದರೂ ಬದಲಾಗುತ್ತದೆ.

ಎಂಟಿವಿ ಬೇಕಾಬಿಟ್ಟಿಯಾಗಿ ಮಾಡಿತು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಬ್ರಯಾನ್ ಎಲ್ಸ್ಲಿ ಅವರನ್ನೇ ಕರೆಸಿಕೊಂಡು ಜವಾಬ್ದಾರಿ ಕೊಟ್ಟರು. ಬರೆಯಲು ಹುಡುಗರನ್ನೇ ಇಟ್ಟುಕೊಂಡರು. ನಟರಲ್ಲೂ ಬಹುಪಾಲು ಹೊಸಬರು, 15ರಿಂದ 19 ವರ್ಷದವರು. ಬೇರೆ ಅಮೆರಿಕನ್ ಸೀರಿಯಲ್‌ಗಳಲ್ಲಿ 25 ದಾಟಿದವರು ಹೈಸ್ಕೂಲ್ ಬ್ಯಾಗ್ ಹಾಕಿಕೊಂಡು ಓಡಾಡುವುದನ್ನು ನೋಡಿದವರಿಗೆ ಇದು ದೊಡ್ಡ ಬದಲಾವಣೆ. ಶೂಟಿಂಗ್ ನಡೆದದ್ದು ಕೆನಡಾದ ಟೊರಾಂಟೊದಲ್ಲಿ. ನನಗೆ ಅನ್ನಿಸುವ ಮೊದಲ ತಪ್ಪು ಇಲ್ಲೇ ಇದೆ. ಬ್ರಿಸ್ಟಲ್‌ನ ಬೀದಿ, ಗುಡ್ಡದ ಮೇಲಿನ ಮನೆಗಳ ಸಾಲು, ಅಲ್ಲಿನ ಮಂಕು ಬೆಳಕು, ಎಲ್ಲವೂ ಆ ಕತೆಯ ಪಾತ್ರಗಳಂತೆಯೇ ಇದ್ದವು. ರಿಮೇಕ್ ಹುಡುಗರು ಯಾವ ಊರಿನವರು ಅಂತ ಮನಸ್ಸಿಗೆ ನಾಟುವುದೇ ಇಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. 2011ರ ಜನವರಿ 17ರ ರಾತ್ರಿ ಬಂದ ಮೊದಲ ಕಂತು ಬ್ರಿಟನ್ನಿನ ಮೊದಲ ಕಂತಿನ ನಕಲು, ಹೆಚ್ಚುಕಡಿಮೆ ಸೀನಿಗೆ ಸೀನು. ಟೋನಿ ಹಾಸಿಗೆಯಿಂದ ಏಳುವುದು, ರಾತ್ರಿಯೆಲ್ಲ ಹೊರಗಿದ್ದ ತಂಗಿ ಮನೆ ಸೇರಲೆಂದು ಅಪ್ಪನ ಗಮನ ಬೇರೆಡೆ ಸೆಳೆಯುವುದು, ಎಲ್ಲ ಹಾಗೇ. ಸಿಡ್ ಹೋಗಿ ಸ್ಟ್ಯಾನ್ಲಿ ಬಂದ. ಕ್ಯಾಸಿ ಬದಲು ಕೇಡಿ, ಅನ್ವರ್ ಬದಲು ಅಬ್ಬೂದ್, ಎಫಿ ಬದಲು ಯೂರಾ. ಬೈಗುಳ ಬಂದಲ್ಲೆಲ್ಲ ಬೀಪ್. ಹೊಸ ಹುಡುಗರ ಕೈಗೆ ಹಳೆಯ ಮಾತುಗಳನ್ನು ಕೊಟ್ಟು, ನಿಕೋಲಸ್ ಹೋಲ್ಟ್ ಆಗಲೇ ಹೇಳಿ ಮುಗಿಸಿದ್ದನ್ನು ಮತ್ತೆ ಹೇಳು ಅಂದರೆ ಆ ಹುಡುಗ ಏನು ಮಾಡಬೇಕು? ಜೇಮ್ಸ್ ನ್ಯೂಮನ್ ಅನ್ನುವ ಹೊಸ ನಟ ಟೋನಿ ಆಗಿದ್ದರು. ಎಲ್ಲರೂ ಬೈದದ್ದು ಅವರನ್ನೇ. ನನಗೆ ಅದು ಈಗಲೂ ಬೇಸರ ತರಿಸುತ್ತದೆ. ‘ದಿ ಆಫೀಸ್’ನ ಅಮೆರಿಕನ್ ರಿಮೇಕ್ ಕೂಡ 2005ರಲ್ಲಿ ಮೊದಲ ಕಂತನ್ನು ಹೀಗೇ ನಕಲು ಮಾಡಿ ಬೈಸಿಕೊಂಡಿತ್ತು. ಅದಕ್ಕೆ ಸುಧಾರಿಸಿಕೊಳ್ಳಲು ಟೈಮ್ ಸಿಕ್ಕಿತು, ತನ್ನದೇ ದಾರಿ ಹಿಡಿದು 9 ಸೀಸನ್ ನಡೆಯಿತು.

ಎಂಟಿವಿ ಒಂದು ಪಾತ್ರವನ್ನು ಮಾತ್ರ ಪೂರ್ತಿ ಬದಲಿಸಿತ್ತು. ಮ್ಯಾಕ್ಸಿಯ ಜಾಗಕ್ಕೆ ಟೀ ಅನ್ನುವ ಹುಡುಗಿ ಬಂದಳು. ಚಿಯರ್‌ಲೀಡರ್, ಲೆಸ್ಬಿಯನ್, ಯಾರಿಗೂ ಅಂಜುವವಳಲ್ಲ. ಪಾತ್ರ ಮಾಡಿದ್ದು ಸೋಫಿಯಾ ಬ್ಲ್ಯಾಕ್ ಡಿಲಿಯಾ. ಎರಡನೇ ಕಂತು ಇವಳದು, ಹೊಸದಾಗಿ ಬರೆದದ್ದು. ರಿಮೇಕ್ ಬೈದವರಲ್ಲೂ ಎಷ್ಟೋ ಜನ ಈ ಕಂತನ್ನು ಮೆಚ್ಚಿದರು. ಆಗ ಟೀವಿಯಲ್ಲಿ ಇಂಥ ಹುಡುಗಿ ಅಪರೂಪ, ಹಾಗಾಗಿ ಲೆಸ್ಬಿಯನ್ ನೋಡುಗರಿಗಂತೂ ಭಾರಿ ಆಸೆ ಹುಟ್ಟಿತು. ಆದರೆ ಅದೇ ಟೀಯನ್ನು ಟೋನಿಯ ಜೊತೆ ಮಲಗಿಸಿದಾಗ ಆ ಆಸೆಯೆಲ್ಲ ಸಿಟ್ಟಾಯಿತು, ನಮಗೆ ಕೊಟ್ಟದ್ದನ್ನು ಕಿತ್ತುಕೊಂಡರು ಅಂದರು. ಅವರ ಸಿಟ್ಟು ಸರಿ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ನಷ್ಟವೂ ಆಯಿತು, ಅದರ ಬಗ್ಗೆ ಯಾರೂ ಅಷ್ಟು ಮಾತಾಡಲಿಲ್ಲ. ಮ್ಯಾಕ್ಸಿ ಇಲ್ಲ ಅಂದಮೇಲೆ ಆ ಹುಟ್ಟುಹಬ್ಬದ ರಾತ್ರಿಯೂ ಇಲ್ಲ. ಅಬ್ಬೂದ್‌ಗೆ ಟೀ ಮೇಲೆ ಆಸೆ, ಅಷ್ಟಕ್ಕೇ ಅದು ನಿಂತಿತು.

ಇದು ನೋಡುಗರ ಜಗಳ. ಇನ್ನೊಂದು ಜಗಳ ಅದೇ ವಾರ ಪತ್ರಿಕೆಗಳಲ್ಲಿ ಶುರುವಾಗಿತ್ತು. ಮಕ್ಕಳ ಮುಂದೆ ಟೀವಿ ಇಟ್ಟ ಕಾರ್ಯಕ್ರಮಗಳಲ್ಲೇ ಇದು ಅತಿ ಅಪಾಯಕಾರಿ ಅಂತ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಹೇಳಿತು. ಮೂರನೇ ಕಂತಿನಲ್ಲಿ 17 ವರ್ಷದ ನಟನೊಬ್ಬ ಬಟ್ಟೆಯಿಲ್ಲದೆ ಓಡುವುದನ್ನು ಹಿಂದಿನಿಂದ ತೋರಿಸುವ ಸೀನ್ ಇತ್ತು. ಇದು ಅಪ್ರಾಪ್ತರ ಅಶ್ಲೀಲ ಚಿತ್ರಣದ ವಿರುದ್ಧದ ಕಾನೂನಿಗೆ ಸಿಗಬಹುದೇ ಅಂತ ಎಂಟಿವಿ ಅಧಿಕಾರಿಗಳೇ ಆತಂಕಗೊಂಡಿದ್ದಾರೆ ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಸರ್ಕಾರ ತನಿಖೆ ಮಾಡಲಿ ಅಂತ ಕೌನ್ಸಿಲ್ ಒತ್ತಾಯಿಸಿತು.

ಅಲ್ಲಿನ ಟೀವಿಯ ಲೆಕ್ಕ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಕೇಬಲ್ ಚಾನೆಲ್‌ಗಳಿಗೆ ಅಮೆರಿಕದ ಪ್ರಸಾರ ಆಯೋಗದ ಅಸಭ್ಯತೆ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಒತ್ತಡ ಹಾಕುವವರು ಹೋಗುವುದು ಜಾಹೀರಾತುದಾರರ ಬಳಿಗೆ. ಟ್ಯಾಕೋ ಬೆಲ್ ಮೊದಲು ಹಿಂದೆ ಸರಿಯಿತು. ಜನರಲ್ ಮೋಟರ್ಸ್, ರಿಗ್ಲಿ, ಸಬ್‌ವೇ ಅದರ ಹಿಂದೆಯೇ ಹೋದವು. ಮೊದಲ ಕಂತನ್ನು ಸುಮಾರು 33 ಲಕ್ಷ ಜನ ನೋಡಿದ್ದರು, ಎರಡನೇ ವಾರಕ್ಕೆ ಆ ಸಂಖ್ಯೆ ಅರ್ಧಕ್ಕಿಳಿಯಿತು. ಜೂನ್‌ನಲ್ಲಿ ಎಂಟಿವಿ ಕೈಬಿಟ್ಟಿತು. ಬ್ರಿಟನ್ನಿನಲ್ಲಿ ಮೂಲ ಸೀರಿಯಲ್ಲನ್ನು ತೋರಿಸಿದ ಇ4, ಸಾರ್ವಜನಿಕ ಒಡೆತನದ ಚಾನೆಲ್ 4ರ ಕೂಸು. ಅದಕ್ಕೂ ಜಾಹೀರಾತಿನ ದುಡ್ಡೇ ಬೇಕು, ಆದರೆ ಬೇರೆಯವರು ಮಾಡದ್ದನ್ನು ಮಾಡುವುದೇ ಅದರ ಕೆಲಸ ಅಂತ ಕಾನೂನಿನಲ್ಲೇ ಇದೆ. ‘ಶೇಮ್‌ಲೆಸ್’ ಕೂಡ ಬ್ರಿಟನ್ನಿನ ಸೀರಿಯಲ್, ಅದರ ಅಮೆರಿಕನ್ ರಿಮೇಕ್ ಶುರುವಾದದ್ದು ಅದೇ ಜನವರಿಯಲ್ಲಿ. ಆದರೆ ಅದು ಬಂದ ಶೋಟೈಮ್, ಜನ ದುಡ್ಡು ಕೊಟ್ಟು ನೋಡುವ ಚಾನೆಲ್, ಹೆದರಿಸಲು ಅಲ್ಲಿ ಜಾಹೀರಾತುದಾರರೇ ಇರಲಿಲ್ಲ. ಕತೆ ಚಿಕಾಗೋದಲ್ಲಿ ಬೇರೂರಿತು, 11 ಸೀಸನ್ ಬಂತು.

ಆ ಹೊತ್ತಿಗೆ ಬ್ರಿಟನ್ನಿನ ಅಭಿಮಾನಿಗಳು, ನನ್ನಂಥವರೂ ಸೇರಿ, ಅಮೆರಿಕದವರು ಮಡಿವಂತರು ಅಂದು ಮಾತು ಮುಗಿಸಿದೆವು. ಕೌನ್ಸಿಲ್‌ನ ಅಬ್ಬರ ನನಗೆ ಈಗಲೂ ಹಿಡಿಸುವುದಿಲ್ಲ. ಆದರೆ ಅದನ್ನು ತಳ್ಳಿಹಾಕುವ ಭರದಲ್ಲಿ ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನೂ ತಳ್ಳಿಹಾಕಿಬಿಟ್ಟೆವು. ನೋಡುವ ಮಕ್ಕಳಿಗೆ ಏನಾಗುತ್ತದೆ ಅಂತ ಎಲ್ಲರೂ ಕಿತ್ತಾಡಿದೆವು. ನಟಿಸುವ ಮಕ್ಕಳಿಗೆ?

2021ರಲ್ಲಿ ಅದಕ್ಕೆ ಉತ್ತರ ಬಂದದ್ದು ಅಮೆರಿಕದಿಂದಲ್ಲ, ಬ್ರಿಸ್ಟಲ್ ಬ್ಯಾಚಿನಿಂದಲೇ. ಮೊದಲ ಗುಂಪಿನಲ್ಲಿ ಮಿಶೆಲ್ ಆಗಿದ್ದ ಏಪ್ರಿಲ್ ಪಿಯರ್ಸನ್ ಒಂದು ಪಾಡ್‌ಕಾಸ್ಟ್ ಶುರುಮಾಡಿದರು. ಮೂರನೇ ಗುಂಪಿನ ಲಾಯಾ ಲೂಯಿಸ್ ಜೊತೆ ಮಾತಾಡುತ್ತಾ, ಸೆಕ್ಸ್ ಸೀನ್‌ಗಳಿಗೆ ತಾನು ತೀರಾ ಚಿಕ್ಕವಳಾಗಿದ್ದೆ, ತನ್ನನ್ನು ಕಾಪಾಡುವ ವ್ಯವಸ್ಥೆ ಅಲ್ಲಿ ಸಾಕಷ್ಟು ಇರಲಿಲ್ಲ ಅನ್ನಿಸುತ್ತದೆ ಎಂದರು. 18 ತುಂಬಿದ್ದು ಬೇರೆ, ರಕ್ಷಣೆ ಇರುವುದು ಬೇರೆ ಅನ್ನುವುದು ಅವರ ಮಾತಿನ ಸಾರ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಇಂಥ ಸೀನ್ ಶೂಟ್ ಮಾಡುವಾಗ ನಟರ ಪರವಾಗಿ ನಿಲ್ಲಲು ಇಂಟಿಮಸಿ ಕೋಆರ್ಡಿನೇಟರ್ ಅನ್ನುವವರು ಸೆಟ್‌ಗೆ ಬರತೊಡಗಿದ್ದರು. 2007ರಲ್ಲಿ ಬ್ರಿಸ್ಟಲ್‌ನಲ್ಲಾಗಲಿ 2010ರಲ್ಲಿ ಟೊರಾಂಟೊದಲ್ಲಾಗಲಿ ಈ ಪದ್ಧತಿ ಇನ್ನೂ ಬಂದಿರಲಿಲ್ಲ.

ಹುಡುಗರಿಂದಲೇ ಬರೆಸಿದ್ದು, ನಿಜವಾದ ವಯಸ್ಸಿನವರನ್ನೇ ಹಾಕಿಕೊಂಡದ್ದು, ಇದನ್ನೇ ನಾವು ಈ ಸೀರಿಯಲ್ಲಿನ ಹೆಚ್ಚುಗಾರಿಕೆ ಅಂತ ಹೊಗಳಿದ್ದು. ರಿಮೇಕನ್ನು ಬೈಯುವಾಗಲೂ ಅಳತೆಗೋಲು ಅದೇ. ಆ ವಯಸ್ಸಿನವರು ಕ್ಯಾಮೆರಾ ಮುಂದೆ ಬೇಡ ಅನ್ನಲು ಆಗುತ್ತಿತ್ತಾ ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಮೊದಲ ಸೀಸನ್ ಮತ್ತೆ ಹಾಕಿದರೆ ಮಿಶೆಲ್‌ಳ ಕೆಲವು ಸೀನ್ ಬರುವಾಗ ನನ್ನ ಕೈ ತಾನಾಗಿಯೇ ರಿಮೋಟ್‌ಗೆ ಹೋಗುತ್ತದೆ, ಓಡಿಸಿಬಿಡ್ತೀನಿ. ಅನ್ವರ್‌ನ ಅಪ್ಪ ಹೊರಗೆ ಬರುವ ಹೊತ್ತಿಗೆ ನಿಲ್ಲಿಸುತ್ತೇನೆ, ಅದನ್ನು ಪೂರ್ತಿ ನೋಡುತ್ತೇನೆ.