ಏರ್ ಪೊಲೀಸಿಂಗ್: ಯುದ್ಧಕ್ಕೇ ಹೋಗದ ದೇಶ ತನ್ನ ಆಕಾಶ ಕಾಯುವ ರೀತಿ

ಸ್ವಿಟ್ಜರ್ಲೆಂಡ್ ತಟಸ್ಥ ದೇಶ. ಯಾರ ಪರವಾಗಿಯೂ ಯುದ್ಧಕ್ಕೆ ಹೋಗುವುದಿಲ್ಲ, ನೇಟೊ ಥರದ ಯಾವ ಮಿಲಿಟರಿ ಕೂಟದಲ್ಲೂ ಇಲ್ಲ. ಆದರೂ ಅದರ ವಾಯುಪಡೆಯ ಎರಡು ಎಫ್/ಎ-18 ಫೈಟರ್ ಜೆಟ್‌ಗಳು ಹಗಲು ರಾತ್ರಿ ಎನ್ನದೆ, ಭಾನುವಾರ, ಹಬ್ಬ ಎನ್ನದೆ, ಕ್ಷಿಪಣಿ ಹೊತ್ತು ಸಜ್ಜಾಗಿ ನಿಂತಿರುತ್ತವೆ. ಕರೆ ಬಂದರೆ 15 ನಿಮಿಷದೊಳಗೆ ಮೇಲೇಳಬೇಕು. ಈ ಕೆಲಸದ ಹೆಸರು ಏರ್ ಪೊಲೀಸಿಂಗ್.

ಇದು ಯುದ್ಧದ ಮಾತಲ್ಲ, ಶಾಂತಿಕಾಲದ ಮಾತು. ಮೊದಲು ಅದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಹೇಳುತ್ತದೆ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ತಿ ಹಕ್ಕಿದೆ ಎಂದು. ಪ್ರಯಾಣಿಕರ ವಿಮಾನಗಳಿಗೆ ಒಂದು ನಿಯಮ. ಸೇನೆ, ಕಸ್ಟಮ್ಸ್, ಪೊಲೀಸ್ ಕೆಲಸದ ವಿಮಾನಗಳಿಗೆ ಬೇರೆ ನಿಯಮ. ಈ ಎರಡನೇ ಗುಂಪಿನವು ಇನ್ನೊಂದು ದೇಶದ ಮೇಲೆ ಹಾರಬೇಕಾದರೆ ಮೊದಲೇ ಅನುಮತಿ ಪಡೆದಿರಬೇಕು. ಮೇಲೆ ಹಾರುತ್ತಿರುವುದು ಯಾರು, ಅನುಮತಿ ಇದೆಯಾ, ಹೇಳಿದ ದಾರಿಯಲ್ಲೇ ಹೋಗುತ್ತಿದೆಯಾ, ರೇಡಿಯೊಗೆ ಯಾಕೆ ಉತ್ತರ ಕೊಡುತ್ತಿಲ್ಲ, ಇದನ್ನೆಲ್ಲ ನೋಡಿಕೊಳ್ಳುವುದು, ಅನುಮಾನ ಬಂದರೆ ಪಕ್ಕಕ್ಕೇ ಹೋಗಿ ಕಣ್ಣಾರೆ ನೋಡಿ ಬರುವುದು ಏರ್ ಪೊಲೀಸಿಂಗ್. ರಸ್ತೆಯಲ್ಲಿ ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸಿ ಲೈಸೆನ್ಸ್ ಕೇಳುತ್ತಾರಲ್ವಾ, ಹೆಚ್ಚುಕಡಿಮೆ ಅದೇ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಗಾಡಿಯನ್ನು ನಿಲ್ಲಿಸಲು ಆಗುವುದಿಲ್ಲ. ಅದರ ಜೊತೆ ಜೊತೆಗೇ ಹಾರಬೇಕು.

ತಟಸ್ಥ ಎಂದರೆ ಕೈಕಟ್ಟಿ ಕೂರುವುದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಕಾನೂನು ಹೇಳುವುದು ಅದಕ್ಕೆ ತದ್ವಿರುದ್ಧ. 1907ರ ಹೇಗ್ ಒಪ್ಪಂದದ ಪ್ರಕಾರ, ಕಾದಾಡುವ ದೇಶಗಳು ತಟಸ್ಥ ದೇಶದ ನೆಲದ ಮೇಲೆ ಸೇನೆ ಸಾಗಿಸುವಂತಿಲ್ಲ. ಅಷ್ಟೇ ಆಗಿದ್ದರೆ ಅದು ಬರೀ ಹಕ್ಕಾಗುತ್ತಿತ್ತು. ಆದರೆ ಹಾಗೆ ಸಾಗಿಸಲು ಬಿಡಬಾರದು ಎಂಬ ಹೊಣೆಯನ್ನು ಅದೇ ಒಪ್ಪಂದ ತಟಸ್ಥ ದೇಶದ ಹೆಗಲಿಗೂ ಹಾಕುತ್ತದೆ. ತಡೆಯಲು ಬಲ ಬಳಸಿದರೆ ಅದನ್ನು ಹಗೆತನದ ಕೆಲಸ ಎಂದು ಲೆಕ್ಕ ಹಾಕುವಂತಿಲ್ಲ ಎಂದೂ ಬರೆದಿದೆ. ಆ ಹೊತ್ತಿಗೆ ರೈಟ್ ಸೋದರರು ಹಾರಿ ನಾಲ್ಕು ವರ್ಷ ಆಗಿತ್ತಷ್ಟೇ, ಒಪ್ಪಂದ ಮಾತಾಡಿದ್ದು ನೆಲದ ಬಗ್ಗೆ. ಆಮೇಲೆ ಅದೇ ನಿಯಮ ಆಕಾಶಕ್ಕೂ ಹಬ್ಬಿತು. ಸ್ವಿಸ್ ವಾಯುಪಡೆ ಶುರುವಾಗಿದ್ದೂ ಮೊದಲ ಮಹಾಯುದ್ಧ ಹೊತ್ತಿಕೊಂಡ ಹೊತ್ತಲ್ಲೇ, 1914ರಲ್ಲಿ.

ಇದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನಿ ಫ್ರಾನ್ಸ್ ಮೇಲೆ ಬಿದ್ದಾಗ ಅದರ ವಿಮಾನಗಳು ಅಡ್ಡದಾರಿ ಹಿಡಿದು ಸ್ವಿಸ್ ಆಕಾಶದೊಳಗೆ ಬರತೊಡಗಿದವು. ಸ್ವಿಸ್ ಪೈಲಟ್‌ಗಳು ಎದುರು ಹೋದರು. ಅವರು ಹಾರಿಸುತ್ತಿದ್ದದ್ದು ಮೆಸ್ಸರ್‌ಶ್ಮಿಟ್ ಬಿಎಫ್ 109, ಅದೇ ಜರ್ಮನಿಯಿಂದ ಕೊಂಡ ವಿಮಾನ. ಮೇ, ಜೂನ್ ಸೇರಿ 11 ಜರ್ಮನ್ ವಿಮಾನಗಳನ್ನು ಬೀಳಿಸಿದರು, ತಮ್ಮವರನ್ನೂ ಕಳೆದುಕೊಂಡರು. ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೆರಳಿ ಕೆಂಡವಾದ. ಸ್ವಿಸ್ ವಿಮಾನ ನಿಲ್ದಾಣಗಳನ್ನು ಹಾಳುಗೆಡವಲು ಗುಟ್ಟಾಗಿ ಆಳುಗಳನ್ನು ಕಳಿಸಿದ, ಅವರು ಸಿಕ್ಕಿಬಿದ್ದರು. ಅಷ್ಟರಲ್ಲಿ ಫ್ರಾನ್ಸ್ ಸೋತು, ಸ್ವಿಟ್ಜರ್ಲೆಂಡ್ ಸುತ್ತಲೂ ಜರ್ಮನಿ ಮತ್ತು ಅದರ ಗೆಳೆಯರೇ ಆದಾಗ, ಸ್ವಿಸ್ ಸೇನಾಪತಿ ಆನ್ರಿ ಗೀಸಾನ್ ಆಕಾಶದಲ್ಲಿ ಕಾದಾಟಕ್ಕೆ ಇಳಿಯುವುದು ಬೇಡ ಎಂದು ಆದೇಶ ಕೊಟ್ಟರು. ಇದನ್ನು ಹೇಡಿತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಾಲ್ಕೂ ಕಡೆ ಒಬ್ಬನೇ ಬಲಶಾಲಿ ನಿಂತಿರುವಾಗ ಸಣ್ಣ ದೇಶ ತನ್ನ ಬಲ ಎಷ್ಟು, ಎಲ್ಲಿಯವರೆಗೆ ಎಂದು ಅಳೆದುಕೊಳ್ಳಲೇಬೇಕಿತ್ತು.

ಯುದ್ಧದ ಕೊನೆಯ ವರ್ಷಗಳಲ್ಲಿ ಸರದಿ ಇನ್ನೊಂದು ಪಕ್ಷದ್ದು. ಏಟು ತಿಂದ ಅಮೆರಿಕದ ಬಾಂಬರ್‌ಗಳು ಜರ್ಮನಿಯಿಂದ ತಪ್ಪಿಸಿಕೊಂಡು ಬರುತ್ತಿದ್ದವು. ಸ್ವಿಸ್ ಫೈಟರ್‌ಗಳು ಅವುಗಳ ಪಕ್ಕ ಹಾರಿ ಕೆಳಗಿಳಿಸುತ್ತಿದ್ದವು, ಸಿಬ್ಬಂದಿಯನ್ನು ಯುದ್ಧ ಮುಗಿಯುವವರೆಗೆ ದೇಶದೊಳಗೇ ಇಟ್ಟುಕೊಳ್ಳುತ್ತಿದ್ದರು. ಹೀಗೆ ಬಂದವು ನೂರಕ್ಕೂ ಜಾಸ್ತಿ. 1944ರ ಏಪ್ರಿಲ್ 1ರಂದು ಅಮೆರಿಕದ ಬಾಂಬರ್‌ಗಳು ದಾರಿ ತಪ್ಪಿ ಗಡಿಯ ಶಾಫ್‌ಹೌಸನ್ ಊರಿನ ಮೇಲೆ ಬಾಂಬ್ ಹಾಕಿ 40 ಜನ ಸತ್ತರು. ತಟಸ್ಥರು ಎಂದ ಮಾತ್ರಕ್ಕೆ ತಲೆ ಮೇಲೆ ಬಾಂಬ್ ಬೀಳುವುದಿಲ್ಲ ಎಂಬ ಗ್ಯಾರಂಟಿ ಏನೂ ಇರಲಿಲ್ಲ.

ಈಗಿನ ಕಾಲಕ್ಕೆ ಬರೋಣ. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಸ್ವಿಟ್ಜರ್ಲೆಂಡ್ ಆ ಯುದ್ಧದ ಮಿಲಿಟರಿ ಹಾರಾಟಕ್ಕೆ ತನ್ನ ಆಕಾಶ ಮುಚ್ಚಿತು, ಗಾಯಾಳುಗಳನ್ನು ಸಾಗಿಸುವಂಥ ಮಾನವೀಯ ಕೆಲಸಕ್ಕೆ ಮಾತ್ರ ದಾರಿ ಬಿಟ್ಟಿತು. ಹೀಗೆ ಬಾಯಲ್ಲಿ ಹೇಳುವುದು ಸುಲಭ, ಪಾಲಿಸಿದ್ದಾರಾ ಎಂದು ನೋಡುವವರು ಯಾರು? ಪಕ್ಕದ ಆಸ್ಟ್ರಿಯಾ, ಅದೂ ತಟಸ್ಥ ದೇಶವೇ, 2002ರಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಕೊಟ್ಟಿತು. ಅಮೆರಿಕದ ಒಂದು ಇಂಧನ ತುಂಬುವ ವಿಮಾನ ಅನುಮತಿ ಪಡೆದು ಆಸ್ಟ್ರಿಯಾದ ಮೇಲೆ ಹೋಗುತ್ತಿತ್ತು. ಅನುಮಾನ ಬಂದು ಹಳೇ ಡ್ರಾಕನ್ ಜೆಟ್‌ಗಳನ್ನು ಮೇಲೆ ಕಳಿಸಿ ನೋಡಿದರೆ, ಅದರ ಜೊತೆಗೆ ಎಫ್-117 ಸ್ಟೆಲ್ತ್ ವಿಮಾನಗಳೂ ಇದ್ದವು. ರೇಡಾರ್ ಕಣ್ಣಿಗೆ ಸಿಗದಂತೆ ಕಟ್ಟಿದ ವಿಮಾನವನ್ನು ಪೈಲಟ್ ಪಕ್ಕದಿಂದ ಫೋಟೊ ತೆಗೆದುಕೊಂಡು ಬಂದ. ಏರ್ ಪೊಲೀಸಿಂಗ್‌ನಲ್ಲಿ ಕಣ್ಣಿನ ಸಾಕ್ಷಿಗೆ ಯಾಕೆ ಅಷ್ಟು ಬೆಲೆ ಎನ್ನುವುದು ಇಲ್ಲಿ ಗೊತ್ತಾಗುತ್ತದೆ.

ಪಕ್ಕಕ್ಕೆ ಹೋಗಿ ನೋಡುವುದು ಎಂದೆನಲ್ಲ, ಅದು ನಡೆಯುವ ಕ್ರಮವೂ ಜಗತ್ತಿನಲ್ಲೆಲ್ಲ ಒಂದೇ. ಸ್ವಿಟ್ಜರ್ಲೆಂಡ್‌ನಲ್ಲಿ ಬೆಟ್ಟದ ಮೇಲಿನ ರೇಡಾರ್‌ಗಳ ಚಿತ್ರವೆಲ್ಲ ಜೂರಿಕ್ ಹತ್ತಿರದ ಡ್ಯೂಬೆನ್‌ಡಾರ್ಫ್‌ನ ಕೇಂದ್ರಕ್ಕೆ ಬರುತ್ತದೆ. ಅಲ್ಲಿಂದ ಆದೇಶ ಹೋದ ಕೂಡಲೇ ಜೋಡಿ ಮೇಲೇಳುತ್ತದೆ. ಎರಡು ಯಾಕೆಂದರೆ, ಒಂದು ಮುಂದೆ ಹೋಗಿ ಮುಖ ತೋರಿಸುತ್ತದೆ, ಇನ್ನೊಂದು ಹಿಂದೆ ಉಳಿದು ಕಾಯುತ್ತದೆ. ಮುಂದಿನದು ಆ ವಿಮಾನದ ಎಡಕ್ಕೆ, ಸ್ವಲ್ಪ ಮೇಲೆ, ಸ್ವಲ್ಪ ಮುಂದೆ ಬರುತ್ತದೆ. ವಿಮಾನದ ಕ್ಯಾಪ್ಟನ್ ಕೂರುವುದು ಎಡಗಡೆ ಸೀಟಿನಲ್ಲಿ, ಅವರ ಕಿಟಕಿಗೆ ಕಾಣಬೇಕು. ಆಮೇಲೆ ರೆಕ್ಕೆಗಳನ್ನು ಆ ಕಡೆ ಈ ಕಡೆ ಅಲುಗಾಡಿಸುತ್ತದೆ: ನಿಮ್ಮನ್ನು ತಡೆದಿದ್ದೇವೆ, ಹಿಂದೆ ಬನ್ನಿ. ಅವರೂ ರೆಕ್ಕೆ ಅಲುಗಾಡಿಸಿದರೆ ಒಪ್ಪಿದೆವು ಎಂದು ಅರ್ಥ. ಚಕ್ರ ಇಳಿಬಿಟ್ಟು ಒಂದು ವಿಮಾನ ನಿಲ್ದಾಣದ ಮೇಲೆ ಸುತ್ತು ಹಾಕಿದರೆ ಇಲ್ಲೇ ಇಳಿಯಿರಿ ಎಂದು. ಫಟ್ಟನೆ ಪಕ್ಕಕ್ಕೆ ತಿರುಗಿ ಮೇಲೇರಿ ಹೋದರೆ, ಸರಿ, ನೀವು ಹೊರಡಬಹುದು. ರೇಡಿಯೊದಲ್ಲಿ 121.5 ಮೆಗಾಹರ್ಟ್ಸ್ ಎಂಬ ತುರ್ತು ತರಂಗಾಂತರದಲ್ಲೂ ಕರೆಯುತ್ತಿರುತ್ತಾರೆ, ಆದರೆ ರೇಡಿಯೊ ಕೆಟ್ಟಿರಬಹುದು, ಭಾಷೆ ಬಾರದಿರಬಹುದು. ರೆಕ್ಕೆಯ ಸನ್ನೆಗೆ ಭಾಷೆ ಬೇಕಿಲ್ಲ.

ಸ್ವಿಸ್ ವಾಯುಪಡೆಯಲ್ಲಿ ಇಂಥ ಹಾರಾಟಕ್ಕೆ ಎರಡು ಹೆಸರಿವೆ. ಅನುಮತಿ ಪಡೆದ ಸರ್ಕಾರಿ ವಿಮಾನ ಹೇಳಿದಂತೆಯೇ ಇದೆಯಾ ಎಂದು ಸುಮ್ನೆ ನೋಡಿ ಬಂದರೆ ಅದು ಲೈವ್ ಮಿಷನ್. ನಿಯಮ ಮುರಿದಿದ್ದಾರೆ ಅಥವಾ ಏನೋ ಎಡವಟ್ಟಾಗಿದೆ ಎಂದು ಓಡಿದರೆ ಹಾಟ್ ಮಿಷನ್.

ಇಷ್ಟೆಲ್ಲ ಇದ್ದ ದೇಶ 2014ರ ಫೆಬ್ರವರಿ 17ರ ಮುಂಜಾನೆ ಏನೂ ಮಾಡಲಾಗದೆ ನಿಂತಿತು. ಆಡಿಸ್ ಅಬಾಬಾದಿಂದ ರೋಮ್‌ಗೆ ಹೊರಟ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767, ಒಳಗೆ ಇನ್ನೂರು ಜನ. ಕ್ಯಾಪ್ಟನ್ ಶೌಚಕ್ಕೆಂದು ಎದ್ದುಹೋದಾಗ ಸಹ ಪೈಲಟ್ ಕಾಕ್‌ಪಿಟ್ ಬಾಗಿಲು ಒಳಗಿಂದ ಹಾಕಿಕೊಂಡ. ವಿಮಾನ ಅಪಹರಣವಾಗಿದೆ ಎಂಬ ಸಂಕೇತವನ್ನು ತಾನೇ ಒತ್ತಿದ. ಇಟಲಿಯ ಯೂರೊಫೈಟರ್‌ಗಳು ಪಕ್ಕಕ್ಕೆ ಬಂದವು, ಆಮೇಲೆ ಫ್ರಾನ್ಸಿನ ಮಿರಾಜ್‌ಗಳು. ವಿಮಾನ ಜಿನೀವಾದ ಮೇಲೆ ಸುತ್ತು ಹಾಕಿ ಬೆಳಿಗ್ಗೆ ಆರರ ಸುಮಾರಿಗೆ ಇಳಿಯಿತು. ಅವನು ಕಾಕ್‌ಪಿಟ್ ಕಿಟಕಿಯಿಂದ ಹಗ್ಗ ಹಿಡಿದು ಕೆಳಗಿಳಿದು, ತನಗೆ ಆಶ್ರಯ ಬೇಕು ಎಂದ. ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ವಿಸ್ ಜೆಟ್ ಎಲ್ಲಿ?

ನೆಲದ ಮೇಲಿದ್ದವು. ಆಗ ಸ್ವಿಸ್ ಏರ್ ಪೊಲೀಸಿಂಗ್ ನಡೆಯುತ್ತಿದ್ದದ್ದು ಕಚೇರಿ ಸಮಯಕ್ಕೆ: ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 12, ಊಟದ ಬಿಡುವು, ಮತ್ತೆ ಮಧ್ಯಾಹ್ನ 1.30ರಿಂದ 5. ಜಗತ್ತೆಲ್ಲ ಇದನ್ನು ಓದಿ ನಕ್ಕಿತು. ನನಗೆ ಆ ನಗು ಸರಿ ಎನಿಸುವುದಿಲ್ಲ. ಆ ವ್ಯವಸ್ಥೆಗೆ ಅದರದೇ ಲೆಕ್ಕ ಇತ್ತು. ಶೀತಲ ಸಮರದ ಕಾಲದ ಆಲೋಚನೆ ಏನೆಂದರೆ, ಯುದ್ಧ ಬರುವುದಿದ್ದರೆ ಮೊದಲೇ ಸುಳಿವು ಸಿಗುತ್ತದೆ, ಆಗ ಸೇನೆಯನ್ನೆಲ್ಲ ಕರೆಸಿಕೊಂಡರೆ ಆಯಿತು. ಅದಕ್ಕಾಗಿ ಆಲ್ಪ್ಸ್ ಬೆಟ್ಟ ಕೊರೆದು ವಿಮಾನಗಳನ್ನು ಬಂಡೆಯೊಳಗೆ ಇಟ್ಟರು, ಮೈರಿಂಗನ್ ನೆಲೆಯಲ್ಲಿ ಇವತ್ತಿಗೂ ಜೆಟ್‌ಗಳು ಗುಹೆಯೊಳಗಿಂದ ಹೊರಬರುತ್ತವೆ. ಹೆದ್ದಾರಿಗಳನ್ನೂ ರನ್‌ವೇ ಆಗುವಂತೆ ಕಟ್ಟಿದರು. ದೊಡ್ಡ ಯುದ್ಧಕ್ಕೆ ತಯಾರಿ ಪಕ್ಕಾ ಇತ್ತು. ಬೆಳಗಿನ ಜಾವ ಒಬ್ಬನೇ ಒಬ್ಬ ಬಾಗಿಲು ಹಾಕಿಕೊಂಡು ಬಂದರೆ ಏನು ಮಾಡುವುದು ಎನ್ನುವುದಕ್ಕೆ ಇರಲಿಲ್ಲ.

ಘಟನೆ ಆದಮೇಲೆ ಎಚ್ಚೆತ್ತರು ಎನ್ನುವುದೂ ಪೂರ್ತಿ ಸರಿಯಲ್ಲ. ದಿನದ 24 ಗಂಟೆ ಕಾವಲು ಬೇಕು ಎಂಬ ಬೇಡಿಕೆ ಅದಕ್ಕೂ ಮೊದಲೇ ಸಂಸತ್ತಿಗೆ ಬಂದಿತ್ತು. ತಡವಾದದ್ದು ಜನರಿಲ್ಲದೆ, ಹಣವಿಲ್ಲದೆ. ಎರಡು ಜೆಟ್ ಸಜ್ಜಾಗಿರಬೇಕಾದರೆ ಪಾಳಿಯ ಮೇಲೆ ಪೈಲಟ್‌ಗಳು, ಮೆಕ್ಯಾನಿಕ್‌ಗಳು, ಕ್ಷಿಪಣಿ ನೋಡಿಕೊಳ್ಳುವವರು, ರೇಡಾರ್ ಮುಂದೆ ಕೂರುವವರು, ರನ್‌ವೇ ತೆರೆದಿಡುವವರು, ಬೆಂಕಿ ಆರಿಸುವವರು ಎಲ್ಲ ಬೇಕು. ಸುಮಾರು ನೂರು ಹೊಸ ಹುದ್ದೆ. ಹಾಗಾಗಿ ಹಂತ ಹಂತವಾಗಿ ಮಾಡಿದರು: 2016ರಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 6, 2017ರಿಂದ ವರ್ಷವಿಡೀ ಅದೇ ಸಮಯ, 2019ರಿಂದ ಬೆಳಿಗ್ಗೆ 6ರಿಂದ ರಾತ್ರಿ 10, ಕೊನೆಗೆ 2020ರ ಡಿಸೆಂಬರ್ 31ರಿಂದ 24 ಗಂಟೆ. ಮುಖ್ಯ ನೆಲೆ ಪಯೇರ್ನ್.

ಇನ್ನೊಂದು ತೊಡಕು ದೇಶದ ಅಳತೆಯದ್ದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 350 ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ 220. ಪ್ರಯಾಣಿಕರ ವಿಮಾನ ಉತ್ತರದಿಂದ ದಕ್ಷಿಣಕ್ಕೆ ದಾಟಲು 15, 16 ನಿಮಿಷ ಸಾಕು. ಅಂದರೆ ಗಡಿಯಲ್ಲಿ ನೋಡಿ ಜೆಟ್ ಹೊರಡಿಸಿದರೆ ಅಷ್ಟರಲ್ಲಿ ಅದು ಆಚೆ ಹೋಗಿಯೇ ಬಿಟ್ಟಿರುತ್ತದೆ. ಅದಕ್ಕೇ ಫ್ರಾನ್ಸ್, ಇಟಲಿ, ಜರ್ಮನಿ, ಆಸ್ಟ್ರಿಯಾ ನಾಲ್ಕರ ಜೊತೆಗೂ ಒಪ್ಪಂದ ಮಾಡಿಕೊಂಡಿದ್ದಾರೆ. ಅನುಮಾನದ ವಿಮಾನದ ಬಗ್ಗೆ ಮಾಹಿತಿ ಹಂಚಿಕೊಳ್ಳುತ್ತಾರೆ, ಅವರ ಜೆಟ್‌ಗಳು ಗಡಿ ದಾಟಿ ಬೆಂಗಾವಲಾಗಿ ಬರಬಹುದು. ಆದರೆ ಗುಂಡು ಹಾರಿಸುವ ನಿರ್ಧಾರವನ್ನು ನೆರೆಯವರ ಕೈಗೆ ಕೊಡುವುದಿಲ್ಲ, ಅದು ಆಕಾಶದ ಒಡೆಯನದ್ದೇ. ಜಿನೀವಾದ ದಿನ ಫ್ರೆಂಚ್ ಜೆಟ್‌ಗಳು ಬಂದದ್ದು ಈ ಏರ್ಪಾಡಿನಿಂದ. ಯುದ್ಧ ಬಂದರೆ ಮಾತ್ರ ಈ ಸಹಾಯ ನಡೆಯುವುದಿಲ್ಲ, ತಟಸ್ಥ ದೇಶ ಒಂದು ಪಕ್ಷದ ಜೆಟ್‌ಗಳನ್ನು ಒಳಗೆ ಬಿಟ್ಟುಕೊಂಡ ಕ್ಷಣ ತಟಸ್ಥವಾಗಿ ಉಳಿಯುವುದಿಲ್ಲ. ಐರ್ಲೆಂಡ್ ನೋಡಿ. ಅದೂ ಮಿಲಿಟರಿ ಕೂಟಗಳಿಂದ ದೂರ ಇರುವ ದೇಶ, ಫೈಟರ್ ಜೆಟ್ ಒಂದೂ ಇಲ್ಲ. ಸಮುದ್ರ ಸುತ್ತ ಇರುವುದರಿಂದ ಇಷ್ಟು ದಿನ ನಡೆದಿದೆ, ಆಲ್ಪ್ಸ್ ಮಧ್ಯದ ದೇಶಕ್ಕೆ ಅದು ನಡೆಯುವ ಮಾತಲ್ಲ ಎಂದೇ ನನ್ನ ಅನಿಸಿಕೆ.

ಗುಂಡು ಹಾರಿಸುವ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಬೇಕು. ಏರ್ ಪೊಲೀಸಿಂಗ್ ಎಂದರೆ ವಿಮಾನ ಹೊಡೆದುರುಳಿಸುವುದಲ್ಲ. 1983ರಲ್ಲಿ ದಾರಿ ತಪ್ಪಿದ ಕೊರಿಯದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಜೆಟ್ ಹೊಡೆದು 269 ಜನ ಸತ್ತರು. ಮರುವರ್ಷವೇ ಶಿಕಾಗೊ ಒಪ್ಪಂದಕ್ಕೆ ಹೊಸ ವಿಧಿ ಸೇರಿಸಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಬಾರದು ಎಂದು ಬರೆದರು. ಸ್ವಿಟ್ಜರ್ಲೆಂಡ್‌ನಲ್ಲಿ ದಾವೋಸ್ ಸಮಾವೇಶದಂಥ ಸಮಯದಲ್ಲಿ ಆಕಾಶದ ಒಂದು ಭಾಗವನ್ನು ನಿರ್ಬಂಧಿಸುತ್ತಾರೆ, ಅಲ್ಲಿ ಕೊನೆಯ ಉಪಾಯವಾಗಿ ಹೊಡೆದುರುಳಿಸುವ ಆದೇಶ ಕೊಡುವ ಅಧಿಕಾರ ರಕ್ಷಣಾ ಸಚಿವರಿಗಿದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2006ರಲ್ಲಿ ಅಂಥ ಕಾನೂನನ್ನೇ ರದ್ದು ಮಾಡಿತು, ಒಳಗಿರುವ ಅಮಾಯಕರ ಜೀವವನ್ನು ಸರ್ಕಾರ ಹೀಗೆ ಲೆಕ್ಕ ಹಾಕುವಂತಿಲ್ಲ ಎಂದು. ನನಗೆ ಆ ತೀರ್ಪೇ ಸರಿ ಎನಿಸುತ್ತದೆ. ಯಾರು ಏನೇ ಅಂದರೂ, ಪಕ್ಕದಲ್ಲಿ ಹಾರುವ ಪೈಲಟ್‌ಗೆ ಆ ಕಿಟಕಿಗಳಲ್ಲಿ ಮುಖಗಳು ಕಾಣುತ್ತಿರುತ್ತವೆ.

ಇದಕ್ಕೆಲ್ಲ ಬೇಕಾದ ವಿಮಾನವನ್ನು ಅಲ್ಲಿ ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. 1993ರ ಮತದಾನದಲ್ಲಿ ಎಫ್/ಎ-18 ಖರೀದಿ ಉಳಿಯಿತು. 2014ರ ಮೇ ತಿಂಗಳಲ್ಲಿ, ಅಂದರೆ ಜಿನೀವಾ ಘಟನೆಯಾಗಿ ಮೂರೇ ತಿಂಗಳಿಗೆ, ಸ್ವೀಡನ್ನಿನ 22 ಗ್ರಿಪನ್ ಕೊಳ್ಳುವುದಕ್ಕೆ 53.4% ಜನ ಬೇಡ ಎಂದರು. 2020ರ ಸೆಪ್ಟೆಂಬರ್‌ನಲ್ಲಿ 600 ಕೋಟಿ ಫ್ರಾಂಕ್‌ನ ಖರೀದಿಗೆ 50.1% ಹೂಂ ಅಂದರು, ಗೆದ್ದ ಅಂತರ ಹತ್ತು ಸಾವಿರ ಮತವೂ ಇಲ್ಲ. ಆ ಹಣಕ್ಕೆ ಆಯ್ಕೆಯಾದದ್ದು 36 ಎಫ್-35ಎ, 2023ರ ಏರೋ ಇಂಡಿಯಾಗೆ ಯಲಹಂಕಕ್ಕೆ ಬಂದಿತ್ತಲ್ಲ, ಅದೇ ವಿಮಾನ. 2025ರಲ್ಲಿ ಬೆಲೆ ಬಗ್ಗೆ ಅಮೆರಿಕದ ಜೊತೆ ತಕರಾರು ಎದ್ದಿತು. ಸ್ವಿಸ್ ಸರ್ಕಾರ ನಿಗದಿ ಬೆಲೆ ಎಂದು ನಂಬಿತ್ತು, ಅಮೆರಿಕ ಇನ್ನೂ ಕೊಡಬೇಕು ಎಂದಿತು. ಕೊನೆಗೆ ಡಿಸೆಂಬರ್‌ನಲ್ಲಿ, ಜನ ಒಪ್ಪಿದ 600 ಕೋಟಿಯೊಳಗೆ ಎಷ್ಟು ಬರುತ್ತವೋ ಅಷ್ಟು ಕೊಳ್ಳುತ್ತೇವೆ ಎಂದು ಸ್ವಿಸ್ ಸರ್ಕಾರ ಹೇಳಿತು.

ಹೊಸ ಜೆಟ್‌ಗಳ ಖರೀದಿಗೆ ಮೊದಲೇ ಒಂದು ಲೆಕ್ಕ ಹಾಕಿಕೊಂಡಿದ್ದರು. ಪಕ್ಕದಲ್ಲಿ ಎಲ್ಲೋ ಬಿಕ್ಕಟ್ಟು ಎದ್ದರೆ ನಾಲ್ಕು ಜೆಟ್‌ಗಳು ಯಾವಾಗಲೂ ಆಕಾಶದಲ್ಲೇ ಇರುವಂತೆ ಕನಿಷ್ಠ ನಾಲ್ಕು ವಾರ ಕಾವಲು ಕಾಯಬೇಕು ಎಂಬುದು ಆ ಲೆಕ್ಕ. ದಿನನಿತ್ಯದ ಜೋಡಿ ಕಾವಲಿಗೆ ಅಷ್ಟೊಂದು ವಿಮಾನ ಬೇಕಿಲ್ಲ. ಈಗ ವಿಮಾನ ಕಡಿಮೆಯಾದರೆ ಆ ನಾಲ್ಕು ವಾರಗಳಲ್ಲೇ ಕಡಿತ ಆಗಬೇಕು, ಎಷ್ಟು ದಿನ ಎಂದು ಸರ್ಕಾರ ಮತ ಹಾಕಿದವರಿಗೆ ಬಿಡಿಸಿ ಹೇಳಬೇಕು.