ಪದ ಪರಿಚಯ: ಶೇಖರಣಾ ಸ್ಥಿರತೆ, ಅಂದರೆ ಮರದೆಣ್ಣೆ ಕೂತಲ್ಲೇ ಕೆಡುವ ಕತೆ

ಮರದ ಪುಡಿಯನ್ನು ಗಾಳಿ ಸೋಕದಂತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಎದ್ದ ಆವಿಯನ್ನು ಒಂದೆರಡು ಸೆಕೆಂಡಿನೊಳಗೆ ತಣಿಸಿಬಿಡಿ. ಹೊಗೆ ವಾಸನೆಯ, ಕಪ್ಪು ಕಂದು ದ್ರವವೊಂದು ಸಿಗುತ್ತದೆ. ಹಾಕಿದ ಒಣ ಮರದ ತೂಕದಲ್ಲಿ ಶೇ. 70ರಷ್ಟು ಇದೇ ಆಗಬಹುದು. ಇದಕ್ಕೆ ಪೈರಾಲಿಸಿಸ್ ಎಣ್ಣೆ ಎನ್ನುತ್ತಾರೆ. ವಿಮಾನದ ಇಂಧನ ಮಾಡಲು ಇದು ಒಂದು ದಾರಿ. ತೊಂದರೆ ಏನೆಂದರೆ, ಡ್ರಮ್ಮಿನಲ್ಲಿ ತುಂಬಿಟ್ಟು ಕೆಲವು ತಿಂಗಳು ಬಿಟ್ಟು ನೋಡಿದರೆ ಅದು ಮೊದಲಿನ ಎಣ್ಣೆಯಾಗಿ ಉಳಿದಿರುವುದಿಲ್ಲ. ಗಟ್ಟಿಯಾಗಿರುತ್ತದೆ. ತಳದಲ್ಲಿ ಟಾರಿನಂಥ ಗಸಿ ಕೂತಿರುತ್ತದೆ.

ಹೀಗೆ ಸುಮ್ನೆ ಇಟ್ಟಾಗ ಇಂಧನ ತನ್ನ ಗುಣವನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಅನ್ನುವುದೇ ಶೇಖರಣಾ ಸ್ಥಿರತೆ. ಈ ಕ್ಷೇತ್ರದವರ ಬಾಯಲ್ಲಿ ಸ್ಟೋರೇಜ್ ಸ್ಟೆಬಿಲಿಟಿ.

ಮರದೆಣ್ಣೆ ಯಾಕೆ ಹೀಗೆ? ಅಡುಗೆ ಅರ್ಧಕ್ಕೇ ನಿಂತಿರುವುದರಿಂದ. ಆವಿಯನ್ನು ಅಷ್ಟು ಬೇಗ ತಣಿಸುವುದೇ ಒಳಗಿನ ರಾಸಾಯನಿಕ ಕ್ರಿಯೆಗಳನ್ನು ನಡುವೆಯೇ ತಡೆಯಲು, ಇಲ್ಲವಾದರೆ ಎಣ್ಣೆಯ ಬದಲು ಇದ್ದಿಲು, ಗ್ಯಾಸ್ ಜಾಸ್ತಿ ಆಗುತ್ತದೆ. ತಡೆದ ಕ್ರಿಯೆಗಳು ಡ್ರಮ್ಮಿನಲ್ಲಿ ನಿಧಾನವಾಗಿ ಮುಂದುವರಿಯುತ್ತವೆ. ಈ ಎಣ್ಣೆಯಲ್ಲಿ ಆಮ್ಲ, ಆಲ್ಡಿಹೈಡ್ ಮತ್ತು ಫೀನಾಲ್ ಎಂಬ ರಾಸಾಯನಿಕಗಳು, ಸಕ್ಕರೆ ಎಲ್ಲ ಇವೆ. ನೀರೇ ಶೇ. 15ರಿಂದ 30ರಷ್ಟು. ಪಿಎಚ್ 2ರಿಂದ 3, ಹೆಚ್ಚುಕಡಿಮೆ ವಿನಿಗರ್‌ನಷ್ಟು ಹುಳಿ. ಈ ಹುಳಿಯೇ ಸಣ್ಣ ಅಣುಗಳನ್ನು ಒಂದಕ್ಕೊಂದು ಬೆಸೆಯಲು ನೆರವಾಗುತ್ತದೆ. ಬೆಸೆದಷ್ಟೂ ದಪ್ಪ ಏರುತ್ತದೆ, ಇನ್ನಷ್ಟು ನೀರು ಹೊರಬೀಳುತ್ತದೆ, ಕೊನೆಗೆ ಎರಡು ಪದರವಾಗಿ ಒಡೆಯುತ್ತದೆ. ಇದ್ದಿಲಿನ ಪುಡಿ, ಬೂದಿಯ ಅಂಶ ಉಳಿದಿದ್ದರೆ ಇನ್ನೂ ಬೇಗ.

ಇದನ್ನು ಅಳೆಯಲು ವರ್ಷಗಟ್ಟಲೆ ಕಾಯುವವರು ಯಾರು? ಪ್ರಯೋಗಾಲಯದಲ್ಲಿ ಮುಚ್ಚಿದ ಸೀಸೆಯಲ್ಲಿ 80 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಕೋಣೆಯ ತಾಪದಲ್ಲಿ ಸುಮಾರು ಒಂದು ವರ್ಷ ಇಟ್ಟದ್ದಕ್ಕೆ ಇದು ಸಮ ಅನ್ನುವುದು ಒಂದು ಅಂದಾಜು. ಮೊದಲು ಎಷ್ಟು ದಪ್ಪ ಇತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸುತ್ತಾರೆ. ಶೇ. 10ರಷ್ಟು ಮೆಥನಾಲ್ ಬೆರೆಸಿದರೆ ಮುದಿಯಾಗುವುದು ಚೆನ್ನಾಗಿಯೇ ನಿಧಾನವಾಗುತ್ತದೆ. ಬಾಯ್ಲರ್‌ನಲ್ಲಿ ಸುಡುವ ಎಣ್ಣೆಗೆ ಅಷ್ಟು ಸಾಕು. ವಿಮಾನಕ್ಕೆ ಸಾಲದು.

ವಿಮಾನದ ಇಂಧನವಾಗಬೇಕಾದರೆ ಎಣ್ಣೆಯ ಅಣುಗಳಲ್ಲಿ ಸೇರಿಕೊಂಡಿರುವ ಆಮ್ಲಜನಕವೇ ಹೋಗಬೇಕು. ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದನ್ನು ನೀರಾಗಿ ತೆಗೆಯುತ್ತಾರೆ. ಆದರೆ ಈ ಎಣ್ಣೆಯನ್ನು ನೇರವಾಗಿ ಪೂರ್ತಿ ಬಿಸಿಗೆ ಒಡ್ಡಿದರೆ, ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಆಗುವ ಗಟ್ಟಿಯಾಗುವಿಕೆ ಇಲ್ಲಿ ನಿಮಿಷಗಳಲ್ಲೇ ಆಗಿ, ಕ್ರಿಯೆ ಬೇಗ ನಡೆಯಲೆಂದು ಇಟ್ಟಿರುವ ವೇಗವರ್ಧಕ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲು ಕಡಿಮೆ ಬಿಸಿಯಲ್ಲಿ ಸ್ವಲ್ಪ ಹೈಡ್ರೋಜನ್ ಕೊಟ್ಟು ಸಮಾಧಾನ ಮಾಡುತ್ತಾರೆ, ಆಮೇಲೆ ಜೋರು ಬಿಸಿ.

ಈ ಎಣ್ಣೆಯ ತಂಟೆಯೇ ಇಲ್ಲದ ದಾರಿಗಳೂ ಇವೆ. 2016ರ ನವೆಂಬರ್ 14ರಂದು ಅಲಾಸ್ಕಾ ಏರ್‌ಲೈನ್ಸ್ ವಿಮಾನವೊಂದು ಸಿಯಾಟಲ್‌ನಿಂದ ವಾಷಿಂಗ್ಟನ್ ಡಿ.ಸಿ.ಗೆ ಹಾರಿತು. ಅದರ ಇಂಧನದಲ್ಲಿ ಶೇ. 20ರಷ್ಟು ಕಾಡಿನಲ್ಲಿ ಮರ ಕಡಿದ ಮೇಲೆ ಉಳಿದ ಕೊಂಬೆ ಕಡ್ಡಿಗಳಿಂದ ಬಂದದ್ದು. ಅಲ್ಲಿ ಮರದ ಸಕ್ಕರೆಯನ್ನು ಹುದುಗಿಸಿ ಐಸೋಬ್ಯುಟನಾಲ್ ಎಂಬ ಆಲ್ಕೋಹಾಲ್ ಮಾಡಿ, ಅದರಿಂದ ಇಂಧನ ಮಾಡಿದ್ದರು.

ಯಾವ ದಾರಿಯಲ್ಲಿ ಬಂದರೂ ತಯಾರಾದ ಇಂಧನ ತಿಳಿ ನೀರಿನಂತಿರುತ್ತದೆ. ಇನ್ನೇನು, ಗೆದ್ದೆವು ಅನ್ನಿಸುತ್ತದೆ. ನನಗೆ ತುಂಬ ಇಷ್ಟವಾದ ತಮಾಷೆ ಇರುವುದು ಇಲ್ಲೇ. ಹೀಗೆ ಶುದ್ಧ ಮಾಡುವಾಗ ಇಂಧನವನ್ನು ಗಾಳಿಯಿಂದ ಕಾಯುವ ಸಹಜ ವಸ್ತುಗಳೂ ಹೋಗಿಬಿಡುತ್ತವೆ. ಆಗ ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡ್ ಎಂಬ ವಸ್ತು ಹುಟ್ಟಬಹುದು. ಅದು ರಬ್ಬರ್ ಸೀಲುಗಳನ್ನು ತಿನ್ನುತ್ತದೆ, ಗೋಂದಿನಂಥ ಅಂಟು ಕಟ್ಟುತ್ತದೆ. ಅದಕ್ಕಾಗಿ ತಯಾರಾದ ಕೂಡಲೇ ಲೀಟರಿಗೆ 17ರಿಂದ 24 ಮಿಲಿಗ್ರಾಂ ಆಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದ ಈ ಕಾಟ ತಡೆಯುವ ವಸ್ತು, ಬೆರೆಸಬೇಕೆಂಬ ನಿಯಮವಿದೆ. ಅದು ಯಾವುದು ಗೊತ್ತೇ? ಫೀನಾಲ್ ಜಾತಿಯದೇ! ಅಷ್ಟು ಕಷ್ಟಪಟ್ಟು ಮರದ ಫೀನಾಲ್ ತೆಗೆದು, ಬೇರೊಂದು ಫೀನಾಲನ್ನು ಚಿಟಿಕೆಯಷ್ಟು ಹಾಕುವುದು.

ಇದನ್ನು ಉಷ್ಣ ಸ್ಥಿರತೆಯ ಜೊತೆ ಕಲಸಿಕೊಳ್ಳಬೇಡಿ. ಅದು ಬೇರೆ ಮಾತು. ವಿಮಾನದಲ್ಲಿ ಇಂಧನವು ಎಂಜಿನ್ ಆಯಿಲನ್ನು ತಣಿಸುವ ಕೆಲಸವನ್ನೂ ಮಾಡುತ್ತದೆ, ಹಾಗಾಗಿ ತಾನೇ ಬಿಸಿಯಾಗುತ್ತದೆ. ಆಗ ಕೊಳವೆಯಲ್ಲಿ ಕರೆ ಕಟ್ಟಬಾರದು. ಜೆಟ್ ಎ-1 ಎಂಬ ಸಾಮಾನ್ಯ ವಿಮಾನ ಇಂಧನಕ್ಕೆ 260 ಡಿಗ್ರಿಯಲ್ಲಿ ಎರಡೂವರೆ ಗಂಟೆಯ ಪರೀಕ್ಷೆ ಇರುವುದು ಇದಕ್ಕೆ. ಟ್ಯಾಂಕಿನಲ್ಲಿ ಹಳತಾದ ಇಂಧನ ಈ ಪರೀಕ್ಷೆಯಲ್ಲಿ ಸೋಲಬಹುದು. ಎರಡಕ್ಕೂ ನಂಟು ಇರುವುದು ಅಷ್ಟೇ.

ಇನ್ನು ನೀರು. ಟ್ಯಾಂಕಿನ ತಳದಲ್ಲಿ ನಾಲ್ಕು ಹನಿ ನಿಂತರೆ ಅಲ್ಲಿ ಬೂಷ್ಟು ಬೆಳೆಯುತ್ತದೆ, ಇಂಧನವನ್ನೇ ತಿಂದು. ಇವುಗಳಲ್ಲಿ ಹೆಸರುವಾಸಿ ಹಾರ್ಮೊಕೋನಿಸ್ ರೆಸಿನೇ. ಅದಕ್ಕೆ ಕ್ರಿಯೋಸೋಟ್ ಬೂಷ್ಟು ಎಂಬ ಇನ್ನೊಂದು ಹೆಸರೂ ಇದೆ, ಮರ ಕೊಳೆಯದಿರಲೆಂದು ಬಳಿಯುವ ಕ್ರಿಯೋಸೋಟಿನ ಮೇಲೂ ಅದು ಬೆಳೆಯುತ್ತದಲ್ಲ, ಅದಕ್ಕೆ. ಮರದ ಇಂಧನವಾಗಲಿ, ಕಚ್ಚಾ ತೈಲದ್ದಾಗಲಿ, ಅದಕ್ಕೆ ಭೇದವಿಲ್ಲ. ಇದಕ್ಕೆ ದೊಡ್ಡ ಮದ್ದೇನೂ ಬೇಡ: ಟ್ಯಾಂಕಿನ ತಳದ ನಲ್ಲಿ ಬಿಟ್ಟು, ಗಾಜಿನ ಜಾಡಿಯಲ್ಲಿ ಸ್ವಲ್ಪ ಹಿಡಿದು, ಬೆಳಕಿಗೆ ಎತ್ತಿ ನೋಡಿ, ನೀರಿದ್ದರೆ ಪೂರ್ತಿ ಹೋಗುವ ತನಕ ಬಸಿಯುವುದು.