ಡಬ್ಬಿ ಮಾರಿದ ರೊಕ್ಕ ಯಾರ ಖಾತೆಗೆ?

ಬಾಗಲಕೋಟೆಯ ನವನಗರದಲ್ಲಿ ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ನೋಡುತ್ತೇನೆ. ಈಚೆಗೆ ಮನೆಮನೆಯಲ್ಲಿ ಡಬ್ಬಿ, ಬಾಟಲಿ, ಪಾತ್ರೆ ಮಾರುವ ಹೆಣ್ಣುಮಕ್ಕಳು ಜಾಸ್ತಿ ಬರುತ್ತಿದ್ದಾರೆ. ಭಿಶಿಗೋ (ತಿಂಗಳ ಚೀಟಿ ಕೂಟಕ್ಕೋ) ಅರಿಶಿಣ ಕುಂಕುಮಕ್ಕೋ ಹತ್ತು ಹನ್ನೆರಡು ಮಂದಿ ಸೇರಿರುತ್ತಾರೆ. ಡಬ್ಬಿಗೆ ನೀರು ತುಂಬಿ, ಮುಚ್ಚಳ ಒತ್ತಿ, ಬೋರಲು ಹಾಕಿ ತೋರಿಸುತ್ತಾರೆ. ಚಹಾ ಮುಗಿಯುವಷ್ಟರಲ್ಲಿ ಆರ್ಡರ್ ಬರೆದಾಗಿರುತ್ತದೆ.

ಕಳೆದ ವರ್ಷ ಒಬ್ಬರು ಬಂದು, "ಅಕ್ಕಾರ, ಇಪ್ಪತ್ತು ಸಾವಿರದ ವ್ಯಾಪಾರ ಆಗೇತ್ರಿ. ಆದ್ರ ಕೈಯಾಗ ರೊಕ್ಕಾನ ಇಲ್ರಿ" ಎಂದರು. ಇಬ್ಬರೂ ಕೂತು ಬರೆದೆವು. ಮಾಲಿಗೆ ಕಟ್ಟಿದ್ದು 15,000. ಕೂಟಕ್ಕೆ ಮನೆ ಕೊಟ್ಟವರಿಗೆ ಕಾಣಿಕೆ 600, ಚಹಾ ಚೂಡಾಕ್ಕೆ 400, ಆಟೋಕ್ಕೆ 300. ಕಾಗದದ ಮೇಲೆ ಲಾಭ 3,700. ಆದರೆ 6,000 ಉದ್ರಿ ನಿಂತಿತ್ತು. ಅಂದರೆ ಬಂದದ್ದು 14,000, ಹೋದದ್ದು 16,300. ಕಡಿಮೆ ಬಿದ್ದ 2,300 ಮನೆ ಖರ್ಚಿನ ದುಡ್ಡಿನಿಂದ ಹೋಗಿತ್ತು.

ಇನ್ನೊಂದು ಸಂಗತಿ ನನಗೆ ಹೆಚ್ಚು ಸಂಕಟ ತಂದಿತು. ಗಿರಾಕಿಗಳು ಫೋನಿನಲ್ಲಿ ಕೊಟ್ಟ ಹಣವೆಲ್ಲ ಗಂಡನ ಖಾತೆಗೆ ಬೀಳುತ್ತಿತ್ತು. ಕ್ಯೂಆರ್ ಕೋಡ್ ಗಂಡನದೇ ಅಲ್ವಾ! ಎರಡು ವರ್ಷ ದುಡಿದರೂ ಬ್ಯಾಂಕಿಗೆ ತೋರಿಸಲು ಈಕೆಯ ಹೆಸರಲ್ಲಿ ಒಂದು ಸಾಲೂ ಇರಲಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಖಾತೆಯಲ್ಲಿ ವ್ಯಾಪಾರ ಕಂಡರೆ ಕೇಳಲು ಧೈರ್ಯ ಬರುತ್ತದೆ.

ಈ ಮಾತು ಬಂದಾಗೆಲ್ಲ ನನಗೆ ಅಮೆರಿಕದ ಬ್ರೌನಿ ವೈಸ್ ನೆನಪಾಗುತ್ತಾರೆ. ಟಪ್ಪರ್‌ವೇರ್ ಡಬ್ಬಿಗಳು ಅಂಗಡಿಯಲ್ಲಿ ಸರಿಯಾಗಿ ಹೋಗುತ್ತಿರಲಿಲ್ಲ. ಮನೆಕೂಟಗಳಲ್ಲಿ ಆಕೆ ಮಾರಿದ ರೀತಿ ನೋಡಿ ಕಂಪನಿ 1951ರಲ್ಲಿ ಅಂಗಡಿ ಮಾರಾಟವನ್ನೇ ನಿಲ್ಲಿಸಿ, ಮನೆಕೂಟದ ಮಾರಾಟವನ್ನು ಆಕೆಯ ಕೈಗೆ ಕೊಟ್ಟಿತು. 1954ರಲ್ಲಿ ಆಕೆಯ ಚಿತ್ರ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟಕ್ಕೆ ಬಂತು, ಅಲ್ಲಿ ಕಾಣಿಸಿಕೊಂಡ ಮೊದಲ ಮಹಿಳೆ. 1958ರಲ್ಲಿ ಕಂಪನಿ ಆಕೆಯನ್ನು ಹೊರಗೆ ಹಾಕಿತು. ಅಷ್ಟು ಬೆಳೆಸಿದ ಕಂಪನಿಯಲ್ಲಿ ಆಕೆಯ ಹೆಸರಿನ ಷೇರು ಇರಲಿಲ್ಲ.

ನಿಯಮದ ಮಾತು ಒಂದಿಷ್ಟು. 2021ರ ನೇರ ಮಾರಾಟ ನಿಯಮಗಳ ಪ್ರಕಾರ ಮಾರುವವರ ಬಳಿ ಗುರುತಿನ ಚೀಟಿ ಇರಬೇಕು, ಮೊದಲೇ ಕೇಳದೆ ಯಾರ ಮನೆಗೂ ಹೋಗಬಾರದು. ಮಾಲು ಮಾರಿದ್ದಕ್ಕಲ್ಲ, ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಸ್ಕೀಮಿಗೆ ನಿಷೇಧವಿದೆ. "ಕೆಳಗ ನಾಕು ಮಂದಿ ಹಾಕ್ರಿ ಸಾಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ಟಾರ್ಗೆಟ್ ಮುಟ್ಟಲು ನೀವೇ ಕೊಂಡು ಅಟ್ಟದ ಮೇಲಿಟ್ಟ ಮಾಲನ್ನು ವ್ಯಾಪಾರ ಅಂತ ಬರೆಯಬೇಡಿ.

ಅದೇ ಅಕ್ಕ ಮೊನ್ನೆ ಮತ್ತೆ ಬಂದಿದ್ದರು. ಕ್ಯೂಆರ್ ಕೋಡ್ ಈಗ ಅವರದೇ ಹೆಸರಲ್ಲಿದೆ. ಉದ್ರಿ ಪುಟದಲ್ಲಿ ಮೂರೇ ಹೆಸರು, ಅದರಲ್ಲೊಂದು ನಾದಿನಿಯದು. "ಆಕಿಗೆ ಹೆಂಗ ಕೇಳಲ್ರಿ ಅಕ್ಕಾರ?" ಎಂದರು. ಮುಂದಿನ ಕೂಟ ಆಕೆಯ ಮನೆಯಲ್ಲೇ ಇಡಿ, ಕಾಣಿಕೆ ಕೊಡುವ ಬದಲು ಆ ಉದ್ರಿಯಲ್ಲಿ ಮುರಿದುಕೊಳ್ಳಿ ಎಂದೆ.